ಮೌನವು ಸಮ್ಮತಿಯಲ್ಲ: ಕಿರುಸಂದೇಶದ ಗುಪ್ತ ಶುಲ್ಕಗಳ ಚರಿತ್ರೆ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನಮ್ಮ ಹಿರಿಯರು ಹೆಣ್ಣು ನೋಡುವ ಶಾಸ್ತ್ರದಲ್ಲೋ ಪಂಚಾಯಿತಿ ಕಟ್ಟೆಯ ಮೇಲೋ ಬಳಸುತ್ತಿದ್ದರು. ಅಲ್ಲಿ ಅದು ಎಷ್ಟರಮಟ್ಟಿಗೆ ನ್ಯಾಯವಾಗಿತ್ತೆಂಬುದು ಬೇರೆಯೇ ಪ್ರಶ್ನೆ. ಆದರೆ ಆ ಮಾತೇ ವ್ಯಾಪಾರದ ಸೂತ್ರವಾದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ಮೊಬೈಲ್ ಫೋನಿನ ಮೊದಲ ಎರಡು ದಶಕಗಳು ಸಾಕ್ಷಿಯಾಗಿವೆ. ಕೇಳದೆ ಬಂದ ಸೇವೆಗೆ ಬೇಡವೆನ್ನದಿದ್ದವನು ಬೇಕೆಂದನೆಂದು ಲೆಕ್ಕ ಹಾಕಿ ಅವನ ಬ್ಯಾಲೆನ್ಸಿನಿಂದ ಹಣ ಕಡಿದುಕೊಂಡ ಕಾಲವದು. ಆ ಕಡಿತಗಳು ಒಂದೊಂದೂ ಚಿಕ್ಕವು. ಅವುಗಳ ಕಥೆ ಮಾತ್ರ ಚಿಕ್ಕದಲ್ಲ. ಅದು ‘ಹೂಂ’ ಎಂದರೆ ಏನು ಎಂಬ ಹಳೆಯ ಪ್ರಶ್ನೆಗೆ ಹೊಸದಾಗಿ ಉತ್ತರ ಹುಡುಕಿದ ಕಥೆ.

ಪ್ರಶ್ನೆ ಹಳೆಯದೆಂದೆವು. 1862ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದರ ಮುಂದೆ ಒಂದು ಕುದುರೆಯ ವ್ಯಾಜ್ಯ ಬಂದಿತು. ಫೆಲ್ಟ್‌ಹೌಸ್ ಎಂಬುವನು ತನ್ನ ಸೋದರಳಿಯನ ಕುದುರೆಯನ್ನು ಕೊಳ್ಳಲು ಬಯಸಿ, ಬೆಲೆಯನ್ನು ತಾನೇ ಗೊತ್ತುಮಾಡಿ, ನಿನ್ನಿಂದ ಮರುಮಾತು ಬಾರದಿದ್ದರೆ ಕುದುರೆ ನನ್ನದಾಯಿತೆಂದು ತಿಳಿಯುತ್ತೇನೆ ಎಂಬರ್ಥದಲ್ಲಿ ಕಾಗದ ಬರೆದ. ಅಳಿಯ ಉತ್ತರ ಬರೆಯಲಿಲ್ಲ. ಅಷ್ಟರಲ್ಲಿ ಹರಾಜುದಾರ ಬಿಂಡ್ಲಿ ಕುದುರೆಯನ್ನು ಬೇರೆಯವರಿಗೆ ಮಾರಿಬಿಟ್ಟ. ಕುದುರೆ ತನ್ನದೆಂದು ಮಾವ ದಾವೆ ಹೂಡಿದಾಗ, ಒಬ್ಬನ ಮೌನದ ಮೇಲೆ ಇನ್ನೊಬ್ಬನು ಕರಾರನ್ನು ಹೇರಲಾಗದೆಂದು ನ್ಯಾಯಾಲಯ ಹೇಳಿತು. ಅದಾದ ಹತ್ತು ವರ್ಷಕ್ಕೆ, 1872ರಲ್ಲಿ, ಭಾರತೀಯ ಕರಾರು ಅಧಿನಿಯಮ ಬಂದಿತು. ಅದರ 13ನೆಯ ಪ್ರಕರಣದಂತೆ ಇಬ್ಬರು ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಡತವು ಸಾಹೇಬರ ಮೇಜಿನ ಮೇಲೆ ಆರು ತಿಂಗಳು ಮೌನವಾಗಿ ಮಲಗಿದ್ದರೂ, ಸಹಿ ಬೀಳುವವರೆಗೆ ಮಂಜೂರಾತಿ ಇಲ್ಲ.

ಸಂದೇಶಕ್ಕೆ ಬೆಲೆ ತೆರುವುದು ನಮ್ಮ ಜನಕ್ಕೆ ಹೊಸತೇನಲ್ಲ. ತಂತಿ ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ಪದಗಳನ್ನು ಎಣಿಸಿ, ಇಷ್ಟಾಯಿತು ಎಂದು ಹೇಳುತ್ತಿದ್ದರು. ಹೆಚ್ಚೆನಿಸಿದರೆ ಅಲ್ಲಿಯೇ ಎರಡು ಪದ ಹೊಡೆದುಹಾಕಿ ಉಳಿಸಬಹುದಿತ್ತು. ಹಬ್ಬ, ಮದುವೆಗಳ ಶುಭಾಶಯಕ್ಕೆ ಅಂಕಿಯಿಂದ ಗುರುತಿಸಿದ ಸಿದ್ಧವಾಕ್ಯಗಳೂ ಇದ್ದವು. ತಂತಿಯ ಸುದ್ದಿ ಎದೆ ನಡುಗಿಸುತ್ತಿದ್ದುದುಂಟು, ಆದರೆ ಅದರ ಬೆಲೆ ಯಾರನ್ನೂ ಬೆಚ್ಚಿಬೀಳಿಸಿದ್ದಿಲ್ಲ. ಬೆಲೆ ಮೊದಲು, ಸಂದೇಶ ಆಮೇಲೆ ಎಂಬುದು ಅಲ್ಲಿಯ ಕ್ರಮವಾಗಿತ್ತು.

ಕಿರುಸಂದೇಶ ಈ ಕ್ರಮವನ್ನು ತಲೆಕೆಳಗು ಮಾಡಿತು. ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ಅದು ಕ್ರಿಸ್‌ಮಸ್ ಶುಭಾಶಯವಾಗಿತ್ತು. ನಮ್ಮಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದಾಗ. ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರಗಳ ಮಿತಿ ಎಂದು ನಾವೆಲ್ಲರೂ ಕೇಳಿದ್ದೇವೆ. ಆದರೆ ಆ ಮಿತಿ ರೋಮನ್ ಲಿಪಿಯದು. ಕನ್ನಡದಲ್ಲಿ ಬರೆದರೆ ಅದು 70ಕ್ಕೆ ಇಳಿಯುತ್ತದೆ. ಅದರಲ್ಲೂ ಒತ್ತು, ಗುಣಿತಗಳು ಬೇರೆ ಬೇರೆ ಚಿಹ್ನೆಗಳಾಗಿ ಎಣಿಕೆಗೆ ಬರುತ್ತವೆ. ಇಂಗ್ಲಿಷಿನಲ್ಲಿ ಒಂದು ಸಂದೇಶದಲ್ಲಿ ಮುಗಿಯುವ ಯುಗಾದಿಯ ಹಾರೈಕೆ ಕನ್ನಡದಲ್ಲಿ ಎರಡೋ ಮೂರೋ ಆಗಿ ಒಡೆದು, ಅಷ್ಟಕ್ಕೂ ದರ ಬೀಳುತ್ತಿತ್ತು. ತಾಯ್ನುಡಿಯಲ್ಲಿ ಬರೆದದ್ದಕ್ಕೆ ತೆತ್ತ ಈ ಹೆಚ್ಚಿನ ಬೆಲೆಯನ್ನು ಯಾವ ಜಾಹೀರಾತೂ ಹೇಳಲಿಲ್ಲ. ಹೊಸ ವರ್ಷ, ದೀಪಾವಳಿಯಂಥ ದಿನಗಳಲ್ಲಿ ಅಗ್ಗದ ಎಸ್ಸೆಮ್ಮೆಸ್ ಪ್ಯಾಕುಗಳು ನಡೆಯದೆ, ಪ್ರತಿ ಸಂದೇಶಕ್ಕೂ ಪೂರ್ತಿ ದರ ಬೀಳುವ ಪದ್ಧತಿಯೂ ಇತ್ತು.

ಇವು ಕಳಿಸಿದವನು ತೆತ್ತ ಬೆಲೆಗಳು. ಏನನ್ನೂ ಕಳಿಸದವನೂ ತೆರಬೇಕಾಗಿ ಬಂದದ್ದು ‘ಮೌಲ್ಯವರ್ಧಿತ ಸೇವೆ’ಗಳು ಬಂದ ಮೇಲೆ. ಕಾಲರ್ ಟ್ಯೂನ್, ದಿನಭವಿಷ್ಯ, ಕ್ರಿಕೆಟ್ ಸ್ಕೋರು, ನಗೆಹನಿ, ದೇವರ ಸುಪ್ರಭಾತ ಎಲ್ಲವೂ ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂಬ ಚಂದಾ ಸರಕುಗಳಾದವು. ಈ ಉದ್ಯಮಕ್ಕೆ ಬೆಂಗಳೂರೂ ಒಂದು ನೆಲೆಯಾಯಿತು. ಇನ್ಫೋಸಿಸ್ಸಿನ ಆಶ್ರಯದಲ್ಲಿ 2000ದಲ್ಲಿ ಆರಂಭಗೊಂಡ ಆನ್‌ಮೊಬೈಲ್ ಸಂಸ್ಥೆ ಕಾಲರ್ ಟ್ಯೂನ್ ತಂತ್ರಜ್ಞಾನದಲ್ಲಿ ದೊಡ್ಡ ಹೆಸರು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ಹಾಡುಗಳು ಕರೆ ಮಾಡಿದಲ್ಲೆಲ್ಲ ಕೇಳಿಬಂದ ದಿನಗಳು ನಮ್ಮ ತಲೆಮಾರಿಗೆ ನೆನಪಿವೆ. ಬಯಸಿ, ಬೆಲೆ ತಿಳಿದು ಹಾಕಿಸಿಕೊಂಡವರಿಗೆ ಅದು ಸಂತೋಷವೇ ಸರಿ. ಬಯಸದವರ ಫೋನಿನಲ್ಲಿಯೂ ಅದು ಮೊಳಗತೊಡಗಿದಾಗ ಮಾತು ಬೇರೆಯಾಯಿತು.

ನಾವು ನೌಕರಿಯ ನಿಮಿತ್ತ ವಿಜಯವಾಡ, ವಿಶಾಖಪಟ್ಟಣಗಳೆರಡರಲ್ಲಿಯೂ ನೆಲೆಸಿದವರು. ಎರಡೂ ಊರುಗಳಲ್ಲಿ ಆಟೋನಗರ್ ಇದೆ. ಲಾರಿಗೆ ಬಾಡಿ ಕಟ್ಟುವ, ಎಂಜಿನ್ ಇಳಿಸುವ, ಟೈರಿಗೆ ತೇಪೆ ಹಾಕುವ ಆ ಬೀದಿಗಳಿಗೆ ಕರ್ನಾಟಕದ ಲಾರಿಗಳೂ ಬರುತ್ತವೆ. ಕೆಲಸ ಮುಗಿಯುವವರೆಗೆ ಡ್ರೈವರು, ಕ್ಲೀನರುಗಳು ಗಾಡಿಯ ನೆರಳಿನಲ್ಲೇ ದಿನಗಟ್ಟಲೆ ಕಾಯಬೇಕು. ಊರಿನೊಡನೆ ಅವರಿಗಿದ್ದ ನಂಟು ಹತ್ತು ರೂಪಾಯಿಯ ರೀಚಾರ್ಜು. ತೆರಿಗೆ, ಸಂಸ್ಕರಣಾ ಶುಲ್ಕ ಕಳೆದರೆ ಅದರಲ್ಲಿ ಮಾತಿಗೆ ಉಳಿಯುವುದು ಏಳು ರೂಪಾಯಿ ಚಿಲ್ಲರೆ. ಆ ಏಳರ ಮೇಲೂ ಚಂದಾ ಸೇವೆಯ ಕಣ್ಣು ಬೀಳುತ್ತಿತ್ತು. ಮಧ್ಯಾಹ್ನ ಒಂದು ಕರೆ ಬರುತ್ತದೆ; ಆ ಕಡೆ ಮನುಷ್ಯರಿಲ್ಲ, ಮುದ್ರಿತ ಧ್ವನಿ. ಹಾಡು ಇಷ್ಟವಾದರೆ ಸ್ಟಾರ್ ಒತ್ತಿರೆಂದು ತೆಲುಗಿನಲ್ಲೋ ಹಿಂದಿಯಲ್ಲೋ ಹೇಳುತ್ತದೆ. ಪರರಾಜ್ಯದಲ್ಲಿ ರೋಮಿಂಗಿನಲ್ಲಿದ್ದವನಿಗೆ ಅಂದು ಒಳಬರುವ ಕರೆಗೂ ದರವಿತ್ತಾಗಿ, ಜಾಹೀರಾತು ಕೇಳಿದ್ದಕ್ಕೂ ಅವನೇ ಹಣ ತೆರಬೇಕು. ಗ್ರೀಸು ಮೆತ್ತಿದ ಬೆರಳು ಕರೆ ಕತ್ತರಿಸಲು ಹೋಗಿ ಯಾವ ಗುಂಡಿಗೆ ತಗುಲಿತೋ! “ನಾನೇನೂ ಒತ್ತಿಲ್ರೀ ಸರ, ರೊಕ್ಕ ತಾನಾ ಹೋಗ್ಯದ” ಎಂದು ರಾಯಚೂರು ಕಡೆಯ ಹುಡುಗರು ಹೇಳುತ್ತಿದ್ದುದನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಅವರ ಫೋನಿಗೆ ಬಂದಿರುತ್ತಿದ್ದ ಒಪ್ಪಿಗೆಯ ಸಂದೇಶ ಇಂಗ್ಲಿಷಿನಲ್ಲಿತ್ತು. ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಬೇಕೆಂದ 1872ರ ಕಾನೂನು ಆ ಲಾರಿಯ ನೆರಳಿನವರೆಗೆ ಬಂದಿರಲಿಲ್ಲ.

ಇದೇ ಕಾಲದಲ್ಲಿ ಎಸ್ಸೆಮ್ಮೆಸ್ಸಿನ ಬೆಲೆಯ ಪ್ರಶ್ನೆ ದೊಡ್ಡ ವೇದಿಕೆಯನ್ನೂ ಏರಿತು. 2007ರಲ್ಲಿ ಶಾರುಖ್ ಖಾನ್ ನಡೆಸಿಕೊಟ್ಟ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ ವೀಕ್ಷಕರಿಗಾಗಿ ‘ಹರ್ ಸೀಟ್ ಹಾಟ್ ಸೀಟ್’ ಎಂಬ ಸ್ಪರ್ಧೆಯಿತ್ತು. ಉತ್ತರವನ್ನು ಎಸ್ಸೆಮ್ಮೆಸ್ ಮಾಡಿದವರಲ್ಲಿ ಒಬ್ಬರಿಗೆ ಕಂತಿಗೆ 2 ಲಕ್ಷ ರೂಪಾಯಿ ಬಹುಮಾನ; ಸಂದೇಶವೊಂದಕ್ಕೆ 2.40 ರೂಪಾಯಿ. ‘ಸೊಸೈಟಿ ಆಫ್ ಕ್ಯಾಟಲಿಸ್ಟ್ಸ್’ ಎಂಬ ಗ್ರಾಹಕ ಸಂಘಟನೆ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ದೂರಿತ್ತಿತು. ಬಂದ ಸಂದೇಶಗಳು 5.8 ಕೋಟಿ, ಅಂದರೆ 13.92 ಕೋಟಿ ರೂಪಾಯಿ. 52 ಕಂತುಗಳಲ್ಲಿ ಹಂಚಿದ್ದು 1.04 ಕೋಟಿ ಎಂಬುದು ಅದರ ಲೆಕ್ಕ. ಉಚಿತವೆಂಬ ಭಾವನೆ ಹುಟ್ಟಿಸಿ, ಬಹುಮಾನದ ವೆಚ್ಚವನ್ನು ಎಸ್ಸೆಮ್ಮೆಸ್ಸಿನ ದರದಲ್ಲೇ ವಸೂಲು ಮಾಡಿದ್ದು ಅನುಚಿತ ವ್ಯಾಪಾರವೆಂದು ಆಯೋಗ 2008ರಲ್ಲಿ ತೀರ್ಮಾನಿಸಿ, ವಾಹಿನಿ ಮತ್ತು ಏರ್‌ಟೆಲ್ ಕಂಪನಿಗಳಿಗೆ 1 ಕೋಟಿ ರೂಪಾಯಿಯ ದಂಡನಾತ್ಮಕ ಪರಿಹಾರ ವಿಧಿಸಿತು. ಬಹುಮಾನದ ಹಣ ಎಸ್ಸೆಮ್ಮೆಸ್ ಆದಾಯದಿಂದಲೇ ಬಂದಿತೆಂಬುದಕ್ಕೆ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಕಾನೂನಿನ ದೃಷ್ಟಿಯಲ್ಲಿ ವಾದ ಸೋತಿತು. ಆದರೂ ಎರಡು ರೂಪಾಯಿ ನಲವತ್ತು ಪೈಸೆಯನ್ನು ಕೋಟಿಗಳಿಂದ ಗುಣಿಸಿ ನೋಡುವುದನ್ನು ದೇಶ ಕಲಿತದ್ದು ಆ ಪ್ರಕರಣದಿಂದ. ಚಿಕ್ಕ ಕಡಿತದ ಬಲವಿರುವುದು ಈ ಗುಣಾಕಾರದಲ್ಲಿಯೇ. ಕಳೆದುಕೊಂಡವನಿಗೆ ಅದು ಜಗಳಕ್ಕೆ ಸಾಲದಷ್ಟು ಅಲ್ಪ, ಪಡೆದವನಿಗೆ ರಾಶಿ.

1997ರಲ್ಲಿ ಸ್ಥಾಪಿತವಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, ಈ ವಿಷಯಕ್ಕೆ ಕೈಹಾಕಿದ್ದು 2005ರ ಮೇ 3ರ ನಿರ್ದೇಶನದಿಂದ. ಚಂದಾದಾರನ ಸ್ಪಷ್ಟ ಸಮ್ಮತಿಯಿಲ್ಲದೆ ಶುಲ್ಕದ ಸೇವೆ ಕೊಡಕೂಡದು. ಮೊದಲು ಉಚಿತವಾಗಿ ಕೊಟ್ಟುದಕ್ಕೆ ಆಮೇಲೆ ಸಮ್ಮತಿಯಿಲ್ಲದೆ ಬೆಲೆ ಕಟ್ಟಕೂಡದು ಎಂದು ಅದು ವಿಧಿಸಿತು. ಫೆಲ್ಟ್‌ಹೌಸನ ಕುದುರೆಯ ನ್ಯಾಯವೇ ಇದು. ಆದರೆ ‘ಸ್ಪಷ್ಟ’ ಎಂದರೆ ಎಷ್ಟು ಸ್ಪಷ್ಟ? ಗುಂಡಿ ಒತ್ತಿದ್ದೇ ಸಮ್ಮತಿ ಎಂಬ ವಾದ ಉಳಿದೇ ಇತ್ತು. 2007, 2009ರಲ್ಲಿ ಮತ್ತೆ ನಿರ್ದೇಶನಗಳು ಬಂದವು. 2011ರ ಜುಲೈ 4ರದು ಒಂದು ಸಾಲದು, ಎರಡು ಬಾರಿ ಒಪ್ಪಿಗೆ ಪಡೆಯಬೇಕೆಂದಿತು. 2013ರ ಜುಲೈ 10ರ ನಿರ್ದೇಶನ ಇನ್ನೂ ಮುಂದೆ ಹೋಗಿ, ಎರಡನೆಯ ಒಪ್ಪಿಗೆ ಸೇವೆ ಮಾರುವವನ ಕೈಯಲ್ಲಿರದ ಬೇರೊಂದು ವ್ಯವಸ್ಥೆಯ ಮೂಲಕವೇ ಬರಬೇಕೆಂದಿತು. ಮಾರುವವನೇ ಸಾಕ್ಷಿಯಾಗಬಾರದೆಂಬ ಈ ವಿವೇಕ ಮೂಡಲು ಎಂಟು ವರ್ಷಗಳು ಹಿಡಿದವು. ಅದಾದ ಐದು ದಿನಕ್ಕೆ, 2013ರ ಜುಲೈ 15ರಿಂದ, ಬಿಎಸ್ಸೆನ್ನೆಲ್ ತಂತಿ ಸೇವೆಯನ್ನು ನಿಲ್ಲಿಸಿತು. ಬೆಲೆಯನ್ನು ಮೊದಲೇ ಎಣಿಸಿ ಹೇಳುತ್ತಿದ್ದ ಮಾಧ್ಯಮ ಮರೆಯಾಗುವ ವಾರದಲ್ಲಿಯೇ ಹೊಸ ಮಾಧ್ಯಮಕ್ಕೆ ಆ ನಡತೆಯನ್ನು ಆಜ್ಞೆಯಿಂದ ಕಲಿಸಬೇಕಾಯಿತು.

ಈ ನಡುವೆ 2012ರ ಗ್ರಾಹಕ ರಕ್ಷಣಾ ನಿಯಮಾವಳಿ ರೀಚಾರ್ಜ್ ಚೀಟಿಗಳಿಗೆ ಬಣ್ಣದ ಪಟ್ಟಿ ತಂದಿತು: ಪ್ಲಾನಿಗೆ ಕೆಂಪು, ಟಾಪ್‌ಅಪ್‌ಗೆ ಹಸಿರು, ವಿಶೇಷ ದರಕ್ಕೆ ಹಳದಿ. ಓದು ಬಾರದವನೂ ತಾನು ಕೊಳ್ಳುವುದನ್ನು ಗುರುತಿಸಲು ಇದು ದಾರಿಯಾಯಿತು. ಪ್ರೀಪೇಯ್ಡ್ ಚಂದಾದಾರ ತನ್ನ ಬಳಕೆಯ ವಿವರವಾದ ಪಟ್ಟಿಯನ್ನು ಕೇಳಿ ಪಡೆಯಬಹುದೆಂದೂ, ಅದಕ್ಕೆ 50 ರೂಪಾಯಿಗಿಂತ ಹೆಚ್ಚು ವಿಧಿಸಬಾರದೆಂದೂ ಅದು ಹೇಳಿತು. ಮೂವತ್ತು ರೂಪಾಯಿ ಕಳೆದುಕೊಂಡವನು ಐವತ್ತು ಕೊಟ್ಟು ಪಟ್ಟಿ ತರಿಸಿಯಾನೇ ಎಂಬುದು ಮಾತ್ರ ಉಳಿದ ಪ್ರಶ್ನೆ.

ನಿಯಮವಿದ್ದರೆ ಸಾಲದು, ಮುರಿದಾಗ ತಟ್ಟಲು ಒಂದು ಬಾಗಿಲೂ ಬೇಕು. 2009ರಲ್ಲಿ ಸುಪ್ರೀಂ ಕೋರ್ಟು, 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ಮಧ್ಯಸ್ಥಿಕೆಯ ವ್ಯವಸ್ಥೆಯಿರುವುದರಿಂದ ಟೆಲಿಫೋನ್ ಬಿಲ್ಲಿನ ವ್ಯಾಜ್ಯ ಗ್ರಾಹಕ ನ್ಯಾಯಾಲಯಕ್ಕೆ ಸಲ್ಲದೆಂದಿತು. ಸಾಮಾನ್ಯನಿಗೆ ಹತ್ತಿರವಿದ್ದ ಬಾಗಿಲು ಹೀಗೆ ಮುಚ್ಚಿತು. ಅದು ತೆರೆದದ್ದು ಅಹಮದಾಬಾದಿನ ಗ್ರಾಹಕರೊಬ್ಬರಿಂದ. ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಮೊಬೈಲ್ ಬಿಲ್ಲು ಒಮ್ಮೆಲೇ 24,600 ದಾಟಿದಾಗ ಅವರು ಜಿಲ್ಲಾ ವೇದಿಕೆಗೆ ಹೋದರು. ಅಧಿಕಾರವ್ಯಾಪ್ತಿಯ ಆ ವಾದ ದೆಹಲಿಯವರೆಗೆ ಬೆಳೆದು, 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಗ್ರಾಹಕರ ಪರವಾಗಿ ತೀರ್ಮಾನಿಸಿತು. ಇಂದು 5 ಲಕ್ಷ ರೂಪಾಯಿವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ.

ಈ ರೋಗ ನಮ್ಮ ದೇಶದ್ದು ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಜಾತಕ, ರಿಂಗ್‌ಟೋನುಗಳ ಹೆಸರಿನಲ್ಲಿ ತಿಂಗಳಿಗೆ 9.99 ಡಾಲರ್ ಬಿಲ್ಲಿನೊಳಗೆ ತೂರಿಕೊಳ್ಳುತ್ತಿತ್ತು. ಅಲ್ಲಿಯ ಫೆಡರಲ್ ವ್ಯಾಪಾರ ಆಯೋಗ ಮತ್ತಿತರ ಸಂಸ್ಥೆಗಳ ಕ್ರಮದಿಂದ 2014ರಲ್ಲಿ ಎಟಿ ಅಂಡ್ ಟಿ 10.5 ಕೋಟಿ ಡಾಲರುಗಳ, ಟಿ-ಮೊಬೈಲ್ 9 ಕೋಟಿ ಡಾಲರುಗಳ ರಾಜಿಗೆ ಒಪ್ಪಬೇಕಾಯಿತು.

2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ, ಎಸ್ಸೆಮ್ಮೆಸ್ ಚಂದಾಗಳ ಪ್ರಾಬಲ್ಯ ಕುಗ್ಗಿತು. ಆದರೆ ಬುದ್ಧಿ ಹಳೆಯದೇ. ಅಂಗಡಿ ಮಾತ್ರ ಬದಲಾಗಿ ಆಪ್‌ಗಳಿಗೆ ಹೋಯಿತು. ‘ಮೊದಲ ತಿಂಗಳು ಉಚಿತ’ವೆಂದು ಕಾರ್ಡಿನ ಸಂಖ್ಯೆ ಪಡೆದು, ಎರಡನೆಯ ತಿಂಗಳಿನಿಂದ ಮೌನವನ್ನು ಸಮ್ಮತಿಯಾಗಿಸುವುದು ಇಂದಿನ ರೂಪ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು ಇಂಥ ಪುನರಾವರ್ತಿತ ಪಾವತಿಗಳಿಗೆ ಕನಿಷ್ಠ 24 ಗಂಟೆ ಮೊದಲೇ ತಿಳಿಸಬೇಕೆಂಬ ನಿಯಮವನ್ನು ಜಾರಿಗೊಳಿಸಿತು. 2023ರ ನವೆಂಬರ್ 30ರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಚಂದಾದ ಬಲೆ ಅವುಗಳಲ್ಲೊಂದು.

ಈ ಚರಿತ್ರೆ ನಮ್ಮ ಕೈಗೆ ಕೊಟ್ಟ ಸಾಧನಗಳು ಸರಳವಾಗಿವೆ. ಕೇಳದ ಸೇವೆ ಫೋನಿನಲ್ಲಿ ಕಂಡರೆ ಚಂದಾ ಸೇವೆ ನಿಲ್ಲಿಸಲೆಂದೇ ಇರುವ ಉಚಿತ ಸಂಖ್ಯೆ 155223ನ್ನು ಬಳಸಬೇಕು. ಕಡಿತದ ಸಂದೇಶವನ್ನು ಅಳಿಸಬಾರದು, ಸಾಕ್ಷಿ ಅದೇ. ಕಂಪನಿಗೆ ದೂರಿತ್ತಾಗ ಕೊಡುವ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪರಿಹಾರ ದೊರೆಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಹೋಗಬಹುದು. ಅದು 39 ದಿನಗಳಲ್ಲಿ ತೀರ್ಮಾನಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕೊನೆಗೆ ಜಿಲ್ಲಾ ಆಯೋಗವೂ ಇದೆ.

ಎರಡು ರೂಪಾಯಿಗೆ ಇಷ್ಟೊಂದು ಓಡಾಟವೇ ಎಂದು ಯಾರಾದರೂ ಕೇಳಬಹುದು. ಸಂಬಳ ಬರುವ ನಮ್ಮಂಥವರು ಹಾಗೆ ಕೇಳಿ ಸುಮ್ಮನಾದುದರಿಂದಲೇ ಲಾರಿಯ ನೆರಳಿನಲ್ಲಿ ಕುಳಿತವನ ಏಳು ರೂಪಾಯಿಯೂ ಕರಗಿತು. ಓದಬಲ್ಲವರ ಮೌನ ಓದಲಾರದವರ ಸಮ್ಮತಿಯಾಗಿ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ, ಬೇಡವಾದುದನ್ನು ಬೇಡವೆಂದು ಬರೆದು ತಿಳಿಸುವುದು ನಮ್ಮ ಎರಡು ರೂಪಾಯಿಗಾಗಿ ಮಾತ್ರವಲ್ಲ.