ಅಲ್ಲಿ ಚಳಿ, ಇಲ್ಲಿ ಬರ (ಭಾಗ 4)

ಹುತ್ರಿದುರ್ಗದಂಥ ಬೆಟ್ಟದ ಕೋಟೆಯನ್ನ ಶತ್ರು ಮಾತ್ರ ಅಲ್ಲ, ಹವಾಮಾನನೂ ಖಾಲಿ ಮಾಡಿಸಬಹುದು ಗೊತ್ತಾ?

ಸುಮಾರು 1300ರಿಂದ 1850ರವರೆಗಿನ ಕಾಲಕ್ಕೆ ‘ಕಿರು ಹಿಮಯುಗ’ ಅಂತ ಹೆಸರು. ಲಂಡನ್‌ನಲ್ಲಿ ಥೇಮ್ಸ್ ನದಿ ಎಷ್ಟೋ ಸಲ ಹೆಪ್ಪುಗಟ್ಟಿತ್ತು. ನಮ್ಮ ಕಡೆ ಹಿಮ ಬೀಳಲಿಲ್ಲ, ಮಳೆ ಕೈಕೊಡ್ತು. ನೆಲ ಸರಿಯಾಗಿ ಕಾಯದಿದ್ದರೆ ಸಮುದ್ರದ ತೇವದ ಗಾಳಿಯನ್ನ ಎಳೆಯೋ ಬಲ ಕಮ್ಮಿ, ಮುಂಗಾರು ಸೊರಗುತ್ತೆ. ಛತ್ತೀಸ್‌ಗಢದ ದಂಡಕ ಗುಹೆಯ ಸುಣ್ಣದ ಪದರಗಳಲ್ಲಿ 14ನೇ ಶತಮಾನದ ಮಳೆ ಕೊರತೆಯ ಗುರುತಿದೆ.

1396ರಲ್ಲಿ ಬಹಮನಿ ಸುಲ್ತಾನರ ದಖ್ಖನ್‌ನಲ್ಲಿ ಶುರುವಾದ ದುರ್ಗಾದೇವಿ ಬರ 12 ವರ್ಷ ಕಾಡಿತು ಅಂತಾರೆ. ಊರುಗಳು ಬರಿದಾದವು, ಎಷ್ಟೋ ಬೆಟ್ಟದ ಕೋಟೆಗಳು ಸ್ಥಳೀಯ ನಾಯಕರ ಪಾಲಾದವು.

ನಮ್ಮ ಕಾಮರ್ಸ್ ಲೆಕ್ಕ ಇಷ್ಟೇ: ಬೆಳೆ ಇಲ್ಲ ಅಂದ್ರೆ ಕಂದಾಯ ಇಲ್ಲ, ಕಂದಾಯ ಇಲ್ಲ ಅಂದ್ರೆ ಕಾವಲಿಗೆ ಸಂಬಳ ಇಲ್ಲ.

ಕೆಂಪೇಗೌಡರ ಕಾಲದ ಹುತ್ರಿದುರ್ಗ ಹತ್ತಿದಾಗ ಕಲ್ಲಿನ ಗೋಡೆ ಜೊತೆ ಕೆಳಗಿನ ಹೊಲ, ಕೆರೆಗಳನ್ನೂ ನೋಡಿ. ಕೋಟೆಗೆ ಅನ್ನ ಹಾಕ್ತಿದ್ದಿದ್ದು ಅವೇ.