ಒಂದು ವಿಚಾರ, ಹಲವು ಮಾಧ್ಯಮ: ಗೋಕಾಕ ಸೀಮೆಯ ಅನುಭವ

ಗೋಕಾಕ ಎಂದೊಡನೆ ಕರಾವಳಿಯ ನಮಗೆ ನೆನಪಾಗುವುದು ಜಲಪಾತ ಮತ್ತು ಕರದಂಟು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಈ ಘಟಪ್ರಭಾ ತೀರ ಇನ್ನೊಂದು ಕಾರಣಕ್ಕೂ ಗಮನಾರ್ಹ. ವಿಚಾರವೊಂದನ್ನು ಜನರಿಗೆ ಮುಟ್ಟಿಸಲು ಒಂದೇ ದಾರಿ ಸಾಲದು ಎಂಬುದನ್ನು ಇಲ್ಲಿನವರು ಬಹಳ ಹಿಂದೆಯೇ ಅರಿತಿದ್ದರು.

ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ಇದನ್ನು ಮೊದಲು ರಚಿಸಿದವರು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಮೂಡಲಗಿ ಭಾಗದ ಕುಲಗೋಡ ತಮ್ಮಣ್ಣ ಅದನ್ನು ತಿದ್ದಿ ಬೆಳೆಸಿ ರಂಗಕ್ಕೆ ತಂದರು. ಕೌಜಲಗಿ ನಿಂಗಮ್ಮ ಅಭಿನಯಿಸಿ ಮನೆಮಾತಾಗಿಸಿದರು. ಅಕ್ಷರ ಬಾರದವರಿಗೂ ಕಾವ್ಯ ದಕ್ಕಿದ್ದು ಹೀಗೆ.

ಇಪ್ಪತ್ತನೇ ಶತಮಾನದಲ್ಲಿ ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದವರು ‘ಆನಂದಕಂದ’ ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮ (1900-1982). ಗೋಕಾಕ ತಾಲೂಕಿನ ಬೆಟಗೇರಿ ಅವರ ಊರು. ಆಗ ಈ ಭಾಗ ಮುಂಬಯಿ ಆಡಳಿತದಲ್ಲಿತ್ತು. ಮರಾಠಿಯ ಪ್ರಭಾವ ಬಲವಾಗಿತ್ತು. ಕನ್ನಡಿಗರು ಒಂದಾಗಬೇಕು, ತಮ್ಮ ನುಡಿಯ ಬಗ್ಗೆ ಕೀಳರಿಮೆ ಬಿಡಬೇಕು ಎಂಬುದು ಅವರ ವಿಚಾರ. ಓದುಬಲ್ಲವರಿಗಾಗಿ ಐತಿಹಾಸಿಕ ಕಾದಂಬರಿ ಬರೆದರು. ‘ಜಯಂತಿ’ ಮಾಸಪತ್ರಿಕೆ ನಡೆಸಿದರು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ದುಡಿದರು. ಹಳ್ಳಿಯವರಿಗಾಗಿ ಅವರದೇ ಧಾಟಿಯಲ್ಲಿ, ಅವರದೇ ಮಾತಿನಲ್ಲಿ ಹಾಡು ಕಟ್ಟಿದರು. ಜನಪದ ಗೀತೆಗಳನ್ನು ಅವರು ಮೊದಲು ಕೇಳಿ ಸಂಗ್ರಹಿಸಿದ್ದರು. ಆ ಧಾಟಿ ಅವರಿಗೆ ಒಲಿದದ್ದು ಅದರಿಂದಲೇ ಎಂದು ನನ್ನ ಅಭಿಪ್ರಾಯ. ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಇಂದು ಹುಡುಕಬೇಕು. ಕನ್ನಡ ನುಡಿಯ ಸವಿಯನ್ನು ಕುರಿತ ಅವರ ಗೀತೆಯನ್ನು ಮಾತ್ರ ಕವಿಯ ಹೆಸರು ತಿಳಿಯದವರೂ ಹಾಡುತ್ತಾರೆ.

ಅದೇ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ (1919-1989) ಪತ್ರಕರ್ತರಾಗಿ, ಕಾದಂಬರಿಕಾರರಾಗಿ ಅನ್ಯಾಯದ ವಿರುದ್ಧ ಬರೆದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. 1980ರ ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಇನ್ನು ‘ಗೋಕಾಕ್ ಚಳವಳಿ’. ಈ ಹೆಸರು ಬಂದದ್ದು ಊರಿನಿಂದ ನೇರವಾಗಿ ಅಲ್ಲ, ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರಿಂದ. ಅವರೂ ಗೆಳೆಯರ ಗುಂಪಿನವರೇ. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತ ಅವರ ಸಮಿತಿ 1981ರ ಜನವರಿಯಲ್ಲಿ ವರದಿ ಕೊಟ್ಟಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕ ಇರಬೇಕು ಎಂಬುದು ಮುಖ್ಯ ಶಿಫಾರಸು. ವರದಿ ಕಡತದಲ್ಲೇ ಉಳಿಯುವಂತಿತ್ತು. ಸಾಹಿತಿಗಳು ಧರಣಿ ಕುಳಿತರು, ಪತ್ರಿಕೆಗಳು ಬರೆದವು. ಆದರೂ ಸಾಮಾನ್ಯ ಜನ ಬೀದಿಗಿಳಿದದ್ದು 1982ರಲ್ಲಿ ಡಾ. ರಾಜ್‌ಕುಮಾರ್ ಊರೂರು ಸುತ್ತಿ ಮಾತನಾಡಿದ ಮೇಲೆ. ವರದಿಯನ್ನು ಓದದ ಲಕ್ಷಾಂತರ ಮಂದಿಗೆ ಅದರ ಹೆಸರು ಬಾಯಿಪಾಠವಾಯಿತು.

ಇಲ್ಲೊಂದು ನಷ್ಟವೂ ಆಯಿತು. ವರದಿ ಘೋಷಣೆಯಾದಾಗ ಒಳವಿವರಗಳು ಉದುರಿಹೋದವು. ಮನೆಯಲ್ಲಿ ಉರ್ದು, ಮರಾಠಿ, ತಮಿಳು ಆಡುವ ಮಕ್ಕಳ ಗತಿಯೇನು ಎಂಬ ಪ್ರಶ್ನೆಗೆ ಮೆರವಣಿಗೆಯಲ್ಲಿ ಉತ್ತರ ಸಿಗುವುದಿಲ್ಲ. ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು ಆಗಿರುವ ಕರಾವಳಿಯವರಿಗೆ ಆ ಆತಂಕ ಅರ್ಥವಾದೀತು. 1982ರ ಜುಲೈ 20ರಂದು ಸರಕಾರ ಆದೇಶ ಹೊರಡಿಸಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲೇರಿದರು. ಕನ್ನಡವನ್ನು ಏಕೈಕ ಪ್ರಥಮ ಭಾಷೆಯಾಗಿ ಕಡ್ಡಾಯಗೊಳಿಸುವುದು ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು 1989ರಲ್ಲಿ ಹೈಕೋರ್ಟ್ ತೀರ್ಪಿತ್ತಿತು. ಅದೇ ವರ್ಷ ಸರಕಾರ ಹೊಸ ಆದೇಶ ತಂದಿತು.