ಸಿದ್ದಿ ಯುವಜನರು ಮತ್ತು ನೆರವಿನ ಹೊಣೆ

ಹಲಗೇರಿಯಿಂದ ವಾಯವ್ಯಕ್ಕೆ ಹಾನಗಲ್ಲನ್ನು ದಾಟಿದರೆ ಮುಂಡಗೋಡ, ಯಲ್ಲಾಪುರಗಳ ಕಾಡುಸೀಮೆ. ಅಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರು ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡನ್ನು ಆಶ್ರಯಿಸಿದರು. ಶತಮಾನಗಳು ಕಳೆದು ಕನ್ನಡ, ಕೊಂಕಣಿಗಳು ಅವರ ಮಾತಾದರೂ, ಮೈಬಣ್ಣವನ್ನು ಕಂಡು ಪರಕೀಯರೆಂದು ಬಗೆಯುವವರು ಇಂದಿಗೂ ಇದ್ದಾರೆ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಬಾಲಕ ಬಾಲಕಿಯರನ್ನು ಆಯ್ದು ತರಬೇತಿಗೊಳಿಸಿತು. ಕೆಲವರು ಪದಕ ಗೆದ್ದರು. ಕ್ರೀಡೆಯ ಬಲದಿಂದಲೇ ಸರಕಾರಿ ನೌಕರಿ ಪಡೆದವರೂ ಉಂಟು. ಆದರೆ 1993ರಲ್ಲಿ ಯೋಜನೆ ನಿಂತಿತು. ಅನೇಕರು ಅಭ್ಯಾಸವನ್ನು ನಡುವೆಯೇ ಬಿಟ್ಟು ಊರಿಗೆ ಮರಳಬೇಕಾಯಿತು.

ಇತ್ತ ಸಿದ್ದಿಗಳು ತಾವೇ ಸಂಘಟಿತರಾಗಿ ಹಕ್ಕನ್ನು ಕೇಳುತ್ತ ಬಂದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಯವರಿಗೂ ಆ ಮಾನ್ಯತೆ ದೊರೆಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಶಾಲೆ, ನೌಕರಿಗಳಲ್ಲಿ ಮೀಸಲಾತಿಯು ಈಗ ಕಾನೂನಿನ ಆಸರೆ ಪಡೆದಿದೆ. ಯಾರೊಬ್ಬರ ಉತ್ಸಾಹವನ್ನೂ ಅದು ಅವಲಂಬಿಸಿಲ್ಲ.

ವಿದ್ಯಾರ್ಥಿವೇತನ ನೀಡುವ ದತ್ತಿಗಳು ಇದನ್ನು ಮನಗಾಣಬೇಕು. ನೆರವು ಆರಂಭಿಸಿದವರು ಆ ವಿದ್ಯಾರ್ಥಿಯ ಓದು ಮುಗಿಯುವವರೆಗಿನ ವೆಚ್ಚವನ್ನು ಮೊದಲೇ ತೆಗೆದಿರಿಸುವುದು ಧರ್ಮ.